ಸವೆಯದ ಹಲ್ಲು

ಕಟ್ಟಿಸಿಕೊಂಡ ಹಲ್ಲುಸೆಟ್ಟು ಎಷ್ಟು ಸವೆಯುತ್ತದೆ, ಬಾಯಿಗೆ ಎಷ್ಟು ಹಿತ ಎಂದು ಐದು ವರ್ಷದಿಂದ ಸಂಶೋಧನೆ ಮಾಡುತ್ತಿರುವ ನಮ್ಮ ದಂತ ಆಸ್ಪತ್ರೆಯ ಡಾಕ್ಟರಮ್ಮನಿಗೆ ನಾವಿಟ್ಟ ಹೆಸರು ‘ಹತ್ತಕ್ಕೆಷ್ಟು’. ಎದುರು ಕೂತ ಮುದುಕರನ್ನೆಲ್ಲ ಅವರು ಕೇಳುವುದು ಒಂದೇ: “ಅಜ್ಜಾ, ಅಗಿಯೋಕೆ ಹಿತವಾಗಿದ್ಯಾ? ಹತ್ತಕ್ಕೆ ಎಷ್ಟು ಕೊಡ್ತೀರಿ?” ಆಮೇಲೆ ಸೆಟ್ಟನ್ನು ತೊಳೆದು, ಯಂತ್ರದಡಿ ಇಟ್ಟು, ಕೂದಲೆಳೆಯಷ್ಟು ಸವೆತವನ್ನೂ ಬಿಡದೆ ಅಳೆಯುತ್ತಾರೆ. ಊಟಕ್ಕೆ ಕೂತರೂ ಎದುರಿನವರ ದವಡೆ ನೋಡುತ್ತಾ ತಮ್ಮ ತಟ್ಟೆ ಮರೆಯುತ್ತಾರೆ. ಅವರ ಹೆಮ್ಮೆಯೆಂದರೆ ಒಬ್ಬ ಮುದಿ ಟೈಲರು: ಪ್ರತಿ ಸಲವೂ ಹತ್ತಕ್ಕೆ ಹತ್ತು, ಸವೆತ ಸೊನ್ನೆ. ಕಳೆದ ವಾರ ಟೈಲರ ಹೆಂಡತಿ ಒಬ್ಬರೇ ಬಂದು ಸೆಟ್ಟನ್ನು ಮೇಜಿನ ಮೇಲಿಟ್ಟರು. “ಹೋದ ತಿಂಗಳು ತೀರಿಕೊಂಡ್ರಮ್ಮ. ಇದನ್ನ ಇಲ್ಲಿಗೆ ಬರೋವಾಗ ಮಾತ್ರ ಹಾಕ್ಕೊಳ್ತಿದ್ರು. ಒಸಡೆಲ್ಲ ಹುಣ್ಣಾಗೋದು. ಮನೇಲಿ ಎಲ್ಲಾನೂ ನುಣ್ಣಗೆ ಅರೆದು ಕುಡಿಸ್ತಿದ್ದೆ.” “ನನಗ್ಯಾಕೆ ಹೇಳಲಿಲ್ಲ?” ಎಂದರು ಡಾಕ್ಟರಮ್ಮ. “ನೀವು ಅಷ್ಟು ಆಸೆಯಿಂದ ಕೇಳ್ತೀರಲ್ಲ, ಇಲ್ಲ ಅನ್ನೋಕೆ ಅವರಿಗೆ ಬಾಯಿ ಬರ್ತಿರ್ಲಿಲ್ಲ.” ಆಕೆ ಹೋದ ಮೇಲೆ ಡಾಕ್ಟರಮ್ಮ ಫೈಲುಗಳನ್ನೆಲ್ಲ ತೆಗೆದು, ಸವೆತವೇ ಇಲ್ಲದವರನ್ನು ಹುಡುಕಿ ಹೆಸರುಗಳನ್ನು ಬೇರೆಯಾಗಿ ಬರೆದರು. ನಲವತ್ತು ಜನ ಸಿಕ್ಕರು. ಮೊದಲನೆಯವರಿಗೆ ಕರೆ ಮಾಡಲು ಫೋನ್ ಕೈಗೆತ್ತಿಕೊಂಡವರು, ಏನೆಂದು ಕೇಳುವುದೋ ತಿಳಿಯದೆ ಹಾಗೆಯೇ ಕೂತುಬಿಟ್ಟರು.