ಬಲೆ ಎದ್ದ ಮಂಗಳವಾರ

ಯೂಟ್ರಿಸ್‌ಳನ್ನು ಬರೀ ಹಟಮಾರಿ ಅಂದರೆ ಸಾಲದು. ಪಕ್ಕದ ಮನೆಯವಳಾಗಿ ಅವಳ ಹಟವನ್ನು ನಾನು ಉಂಡಷ್ಟು ಬೇರೆ ಯಾರೂ ಉಂಡಿಲ್ಲ.

ಕಾಸ್ಟಾರಾ ಅನ್ನುವ ನಮ್ಮ ಮೀನುಗಾರರ ಊರಿನ ಕಡಲ ದಂಡೆಯಲ್ಲಿ ಮಣ್ಣಿನ ಒಲೆ ಉರಿಸಿ ಬ್ರೆಡ್ ಸುಡುವುದು ನನ್ನ ಕಸುಬು. ಅವಳದು ಮಣಿ ಅಂಟಿಸುವುದು. ದಿನಾ ಬೆಳಿಗ್ಗೆ ವ್ಯಾನ್ ಹತ್ತಿ ಸ್ಕಾರ್‌ಬರೋ ಪೇಟೆಗೆ ಹೋಗುವಳು. ಅಲ್ಲಿ ಓಸ್ವಿನ್ ಅನ್ನುವವನ ಕಾರ್ಖಾನೆಯಲ್ಲಿ ಕಾರ್ನಿವಲ್ ವೇಷಗಳಿಗೆ ಗರಿ, ಮಣಿ, ಕನ್ನಡಿಚೂರು ಅಂಟಿಸುತ್ತ ಅರ್ಧ ಆಯಸ್ಸು ಕಳೆದಳು. ಓಸ್ವಿನ್ ಕೆಟ್ಟವನಲ್ಲ, ಸೋಮಾರಿ. ಬೇರೆ ದೇಶದ ಪಟ ನೋಡಿ ವೇಷ ಕಟ್ಟಿಸುತ್ತಿದ್ದ. ಹೋದ ವರ್ಷ ಹಸಿರು ಗರಿ ಇದ್ದಲ್ಲಿ ಈ ವರ್ಷ ಗುಲಾಬಿ ಗರಿ, ಅದಕ್ಕೇ ಹೊಸ ಕಲ್ಪನೆ ಅಂತ ಹೆಸರು. ಕೈ ಯೂಟ್ರಿಸ್‌ದು, ಚಪ್ಪಾಳೆ ಅವನಿಗೆ. ನನಗೆ ಮೈ ಉರಿಯುತ್ತಿತ್ತು. ಅವಳು ಮಾತ್ರ ಸುಮ್ಮನೆ ಅಂಟು ಕಲಸುತ್ತಿದ್ದಳು.

ಒಂದು ಸಂಜೆ ಇಬ್ಬರೂ ದಂಡೆಯ ಮೇಲೆ ಕೂತಿದ್ದೆವು. ಮರಗಳ ನಡುವೆ ಊರಿನ ದೊಡ್ಡ ಬಲೆ ಒಣಹಾಕಿದ್ದರು. ಗಾಳಿ ಬೀಸಿತು. ಬಲೆ ಹೊಟ್ಟೆ ಉಬ್ಬಿಸಿಕೊಂಡು ಎದ್ದು ನಿಂತಿತು, ಅದರಲ್ಲಿ ಸಿಕ್ಕಿಕೊಂಡಿದ್ದ ಒಂದೆರಡು ಪುಟ್ಟ ಮೀನು ಫಳಕ್ಕನೆ ಹೊಳೆದವು.

"ನೋಡಿದ್ಯೇನೇ?" ಅಂದಳು.

"ಏನ್ ನೋಡೋದು? ಬಲೆ. ಹುಟ್ಟಿದಾಗಿಂದ ನೋಡ್ತಿದೀನಿ."

"ನಾನೂ ನೋಡ್ತಾನೇ ಇದ್ದೆ. ಇವತ್ತು ಕಂಡಿತು."

ಮರುದಿನ ಓಸ್ವಿನ್‌ನ ಕಾರ್ಖಾನೆಗೆ ಬ್ರೆಡ್ ಕೊಡಲು ಹೋದವಳು ನಾನೇ, ಹಾಗಾಗಿ ಮುಂದಿನದನ್ನು ಕಿವಿಯಾರೆ ಕೇಳಿದೆ. ಈ ವರ್ಷ ಕಾರ್ನಿವಲ್ ಸ್ಪರ್ಧೆಗೆ, ಒಬ್ಬಳೇ ಹೊರುವ ದೊಡ್ಡ ರಾಣಿ ವೇಷವನ್ನು ತಾನೇ ಕಟ್ಟುತ್ತೇನೆ, ತಾನೇ ಹೊತ್ತು ವೇದಿಕೆ ಹತ್ತುತ್ತೇನೆ ಅಂತ ಯೂಟ್ರಿಸ್ ಹೇಳಿದಳು. ಯಾವ ವೇಷ ಅಂತ ಕೇಳಿ ತಿಳಿದುಕೊಂಡ ಓಸ್ವಿನ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ಬಲೆಯಾ? ಒಣಗೋಕೆ ಹಾಕಿರೋದನ್ನ ಮೈಮೇಲೆ ಹಾಕ್ಕೊಂಡು ಬರ್ತೀಯಾ? ಜನ ಗರಿ ನೋಡೋಕೆ ಬರ್ತಾರಮ್ಮ, ಮೀನಿನ ವಾಸನೆ ಮೂಸೋಕಲ್ಲ."

"ಬಲೆ ಏಳುತ್ತೆ, ನೋಡ್ತಿರು."

"ಏಳದಿದ್ರೆ?"

"ಏಳದಿದ್ರೆ ಕಾರ್ನಿವಲ್ ಮುಗಿದ ಮರುದಿನ, ಬೂದಿ ಬುಧವಾರ ಬೆಳಿಗ್ಗೆ ನಾನೇ ಬಂದು ಅಂಟಿನ ಡಬ್ಬಿ ಹಿಡೀತೀನಿ. ಸಾಯೋವರೆಗೂ ನಿನ್ನ ಗುಲಾಬಿ ಗರಿ ಅಂಟಿಸ್ತೀನಿ. ಎದ್ರೆ ಮಾತ್ರ ಈ ಕಡೆ ತಲೆನೂ ಹಾಕಲ್ಲ."

ಅವಳು ಬಾಯಿ ತಪ್ಪಿ ಆಡುವವಳಲ್ಲ, ಆಡಿದ್ದನ್ನು ಬಿಡುವವಳೂ ಅಲ್ಲ.

ಮೀನುಗಾರರು ಬಿಸಾಡಿದ ಬಲೆಯನ್ನು ತಂದು ತೊಳೆದಳು. ಬೆತ್ತ ನೆನೆಹಾಕಿ ಬಗ್ಗಿಸಿ, ಭುಜದ ಮೇಲೆ ಕೂತು ತಲೆಗಿಂತ ಎತ್ತರಕ್ಕೆ ಏಳುವ ಕಮಾನು ಮಾಡಿದಳು. ತಂಪು ಪಾನೀಯದ ಖಾಲಿ ಡಬ್ಬಿಗಳನ್ನು ಕತ್ತರಿಸಿ ಮೀನು ಮಾಡಿ, ಒಂದೊಂದನ್ನೂ ಬಲೆಗೆ ಸಡಿಲವಾಗಿ ಕಟ್ಟಿದಳು. ಬೆರಳೆಲ್ಲ ಗಾಯ. ಒಂದು ಗರಿ ಇಲ್ಲ, ಒಂದು ಮಣಿ ಇಲ್ಲ. ಬಲೆಯ ಎರಡು ತುದಿಯಿಂದ ಉದ್ದನೆಯ ಹಗ್ಗವನ್ನು ಕಮಾನಿನ ಮೇಲಿಂದ ಹಾಯಿಸಿ ಇಳಿಬಿಟ್ಟಳು. ನಿಜವಾದ ಬಲೆಗೆ ಇರುತ್ತದೆ, ಇದಕ್ಕೂ ಇರಲಿ ಅಂದಳು.

ನನಗೆ ತಡೆಯಲಾಗಲಿಲ್ಲ. "ಎಲ್ಲರೂ ಗಾಳಿಗೆ ಹೆದರಿ ವೇಷ ಕಟ್ತಾರೆ. ನೀನು ಗಾಳಿನೇ ನಂಬ್ಕೊಂಡಿದೀಯ. ಅದು ಬರದಿದ್ರೆ?"

"ಈ ತಿಂಗಳಲ್ಲಿ ಬರದೆ ಎಲ್ಲಿಗೆ ಹೋಗುತ್ತೇ ಅದು?"

ಕಾರ್ನಿವಲ್ ಮಂಗಳವಾರ ಮಧ್ಯಾಹ್ನ ಸ್ಕಾರ್‌ಬರೋದಲ್ಲಿ ಅದು ಎಲ್ಲಿಗೋ ಹೋಗಿತ್ತು. ಒಂದು ಎಲೆ ಅಲುಗಲಿಲ್ಲ. ಡಾಂಬರು ಕರಗುವ ಬಿಸಿಲು. ಓಸ್ವಿನ್‌ನ ಗುಲಾಬಿ ಗರಿಯ ಹುಡುಗಿಯರು ಆಗಲೇ ವೇದಿಕೆ ದಾಟಿ, ಬೆವರು ಒರೆಸಿಕೊಳ್ಳುತ್ತ ಕೆಳಗೆ ಎರಡು ಬದಿಯಲ್ಲೂ ನಿಂತಿದ್ದರು. ನಮ್ಮ ಊರಿನ ತಂಡ ಅಂದರೆ ಡೋಲು ಬಡಿಯುವ ನಾಲ್ಕು ಜನ, ಶಂಖ ಹಿಡಿದ ನಾನು, ಯೂಟ್ರಿಸ್, ಇಷ್ಟೇ.

ಅವಳು ವೇದಿಕೆಯ ನಡುವೆ ಬಂದು ನಿಂತಳು. ಬಲೆ ಅವಳ ಹಿಂದೆ ನೆಲದ ಮೇಲೆ ಬಿದ್ದುಕೊಂಡಿತ್ತು. ತಗಡಿನ ಮೀನುಗಳು ಸತ್ತ ಮೀನಿನ ಹಾಗೇ ಕಂಡವು. ಯಾರೋ ನಕ್ಕರು, ಆಮೇಲೆ ಬಹಳ ಜನ ನಕ್ಕರು. ಮೈಕಿನವನು ಮುಂದೆ ನಡೆಯಿರಿ ಅಂದ. ಅವಳು ಕದಲಲಿಲ್ಲ. ನನಗೆ ಅಳು ಬಂತು, ನಾಚಿಕೆ ಇಲ್ಲದೆ ಹೇಳುತ್ತೇನೆ.

ಆಗ ಅವಳು ಬಗ್ಗಿ ಹಗ್ಗಗಳನ್ನು ಎತ್ತಿಕೊಂಡು ನನ್ನ ಕಡೆ ನೋಡಿದಳು.

"ಶಂಖ ಊದೇ."

ನನಗೆ ತಕ್ಷಣ ಅರ್ಥವಾಯಿತು. ನಮ್ಮಲ್ಲಿ ಬಲೆ ಬೀಸಿದ ದಿನ ಶಂಖ ಊದುತ್ತಾರೆ. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ದಂಡೆಗೆ ಓಡಿ ಹಗ್ಗ ಹಿಡಿಯುತ್ತಾರೆ. ಊರಿನವರೋ ದಾರಿಹೋಕರೋ, ಹಿಡಿದವರಿಗೆಲ್ಲ ಮೀನಿನಲ್ಲಿ ಪಾಲು.

"ಬೇಡ ಕಣೇ," ಅಂದೆ. "ರಾಣಿ ವೇಷ ಒಬ್ಬಳೇ ಹೊರಬೇಕು. ಬೇರೆಯವರ ಕೈ ತಾಗಿದ್ರೆ ಸ್ಪರ್ಧೆಯಿಂದ ಹೊರಗೆ ಹಾಕ್ತಾರೆ."

"ನಾನು ಕಪ್ ಗೆಲ್ತೀನಿ ಅಂದಿದ್ನಾ? ಬಲೆ ಏಳುತ್ತೆ ಅಂದಿದ್ದು. ಊದು."

ಊದಿದೆ. ಅವಳು ಒಂದು ಹಗ್ಗವನ್ನು ಎಡಕ್ಕೂ ಒಂದನ್ನು ಬಲಕ್ಕೂ ಎಸೆದಳು.

ಮೊದಲು ಎಳನೀರು ಮಾರುವ ಮುದುಕ ಕತ್ತಿ ಕೆಳಗಿಟ್ಟು ಹಗ್ಗ ಹಿಡಿದ. ಅವನ ಹಿಂದೆ ಇಬ್ಬರು ಹೆಂಗಸರು. ಅವರ ಹಿಂದೆ ಗರಿ ಕಟ್ಟಿಕೊಂಡ ಗುಲಾಬಿ ಹುಡುಗಿಯರು. ಅವರೂ ಕಡಲ ಪಕ್ಕದ ಊರುಗಳ ಮಕ್ಕಳೇ ತಾನೇ, ಶಂಖ ಕೇಳಿದ ಮೇಲೆ ಕಾಲು ನಿಲ್ಲುತ್ತದೆಯೇ? ಎರಡೂ ಬದಿಯಿಂದ ಹಗ್ಗ ಬಿಗಿಯಿತು. ಬಲೆ ನೆಲ ಬಿಟ್ಟಿತು. ಅವಳ ತಲೆಯ ಮೇಲೆ ಏರಿ, ಅಗಲವಾಗಿ ಹರಡಿ ನಿಂತಿತು. ಜನ ಜಗ್ಗಿದ ಹಾಗೆಲ್ಲ ಮೀನುಗಳು ಬಿಸಿಲಿನಲ್ಲಿ ಕುಪ್ಪಳಿಸಿದವು. ನಡುವೆ ಯೂಟ್ರಿಸ್ ಎರಡೂ ಕೈ ಚಾಚಿ, ಅದರ ಭಾರವನ್ನೆಲ್ಲ ಹೊತ್ತು ಕುಣಿದಳು. ನಕ್ಕ ಜನವೇ ಎದ್ದು ನಿಂತು ಎಳೆಯಿರೋ ಎಳೆಯಿರೋ ಅಂತ ಕೂಗಿದರು.

ಬಲಗಡೆಯ ಹಗ್ಗದ ಕೊನೆಯಲ್ಲಿ ಒಬ್ಬ ಅದನ್ನು ಸೊಂಟಕ್ಕೆ ಸುತ್ತಿಕೊಂಡು, ಬಿಳಿ ಷೂ ಜಾರುತ್ತಿದ್ದರೂ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿದ್ದ. ಹುಟ್ಟಾ ಮೀನುಗಾರರು ಎಳೆಯುವುದೇ ಹಾಗೆ. ಮುಖ ನೋಡಿದರೆ ಓಸ್ವಿನ್.

ಮೈಕಿನವನು ನಮ್ಮ ವೇಷವನ್ನು ಸ್ಪರ್ಧೆಯಿಂದ ಕೈಬಿಟ್ಟಿದ್ದೇವೆ ಅಂದ. ಅದನ್ನು ಕೇಳಿಸಿಕೊಂಡವರು ಕಡಿಮೆ. ಕಪ್ ಯಾವುದೋ ನವಿಲಿನ ವೇಷಕ್ಕೆ ಹೋಯಿತು.

ಬೂದಿ ಬುಧವಾರ ಬೆಳಿಗ್ಗೆ ನಾನು ಒಲೆ ಹೊತ್ತಿಸುವ ಹೊತ್ತಿಗೇ ಯೂಟ್ರಿಸ್‌ಳ ಬಾಗಿಲಲ್ಲಿ ಜನ. ಎಳನೀರಿನ ಮುದುಕ, ಗುಲಾಬಿ ಹುಡುಗಿಯರು, ಎಲ್ಲರ ಕೈಯಲ್ಲೂ ಬೋಗುಣಿ.

"ಎಳೆದಿದೀವಿ. ಪಾಲು ಕೊಡು ಟ್ಯಾಂಟಿ," ಅಂದಳು ಒಬ್ಬಳು, ಚಿಕ್ಕಮ್ಮನನ್ನು ಕರೆಯುವ ಹಾಗೆ.

ಯೂಟ್ರಿಸ್ ನಗಲಿಲ್ಲ. ಬಲೆಯನ್ನು ಜಗುಲಿಯ ಮೇಲೆ ಹರಡಿಕೊಂಡು ಕೂತು, ತಗಡಿನ ಮೀನುಗಳನ್ನು ಬಿಚ್ಚಿ ಬಿಚ್ಚಿ ಬೋಗುಣಿಗೆ ಹಾಕಿದಳು. ಕೊನೆಗೆ ಓಸ್ವಿನ್ ಬಂದ. ಅವನೂ ಬೋಗುಣಿ ತಂದಿದ್ದ, ಅದನ್ನು ಬೆನ್ನ ಹಿಂದೆ ಹಿಡಿದಿದ್ದ.

"ನಿನ್ನ ಜಾಗ ಖಾಲಿ ಇಟ್ಟಿದೀನಿ ಯೂಟ್ರಿಸ್," ಅಂದ. "ನಿನ್ನೆ ಗಾಳಿ ಎಲ್ಲಿ ಬಂತು? ಮಾತು ಮಾತೇ ಅಲ್ವಾ?"

"ಬಲೆ ಎದ್ದಿತೋ ಇಲ್ವೋ?"

ಓಸ್ವಿನ್ ತನ್ನ ಅಂಗೈ ನೋಡಿಕೊಂಡ. ಹಗ್ಗ ಉಜ್ಜಿ ಕೆಂಪಾಗಿ ಸುಲಿದಿತ್ತು. ಆಮೇಲೆ ಬೋಗುಣಿಯನ್ನು ಮುಂದೆ ಹಿಡಿದ.

ಅವಳು ಅದರೊಳಗೆ ಎಲ್ಲಕ್ಕಿಂತ ದೊಡ್ಡ ಮೀನು ಹಾಕಿದಳು.

"ಚೆನ್ನಾಗಿ ಎಳೆದೆ, ತಗೋ. ಅಂಟಿನ ಡಬ್ಬಿ ಹಿಡಿಯೋಕೆ ಬೇರೆ ಯಾರನ್ನಾದ್ರೂ ನೋಡ್ಕೋ."