ಕೆಂಪಾಜಮ್ಮನ ಬದನೆಕಾಯಿ ಹರಕೆ

ಸೋಸಲೆಯ ಕೆಂಪಾಜಮ್ಮನಿಗೆ ಬದನೆಕಾಯಿ ಎಂದರೆ ಪ್ರಾಣ. ಹಲ್ಲು ಉದುರಿದ ಮೇಲಂತೂ ಮುದ್ದೆಗೆ ಬದನೆಕಾಯಿ ಸಾರು ಸಿಕ್ಕರೆ ಬೇರೆ ಸ್ವರ್ಗ ಬೇಡ. ಅಂಥವಳು ಅದನ್ನು ಬಿಟ್ಟಳು, ಅದೂ ಸೊಸೆಗಾಗಿ. ಸೊಸೆ ಸಿದ್ದಲಿಂಗಮ್ಮನಿಗೆ ಪಿತ್ತದ ಗಂದೆ. ಬೆಳಿಗ್ಗೆ ತೊಡೆಯಲ್ಲಿ ಎದ್ದರೆ ಸಂಜೆ ಬೆನ್ನಲ್ಲಿ. ಬದನೆಕಾಯಿ ನಂಜು ಎಂದು ಊರಿಗೆ ಊರೇ ತೀರ್ಪು ಕೊಟ್ಟಿತು. ಪಾಪ, ಬಾಯಿಲ್ಲದ ಕಾಯಿ, ಯಾರ ಹತ್ತಿರ ಹೇಳಿಕೊಂಡೀತು? ಸೊಸೆ ತಿನ್ನುವುದು ಬಿಟ್ಟಳು. ಅವಳ ಮೈ ತಣ್ಣಗಾಗುವ ತನಕ ತಾನೂ ಮುಟ್ಟುವುದಿಲ್ಲ ಎಂದು ಅತ್ತೆ ನಂಜನಗೂಡಿಗೆ ಹೋಗಿ ನಂಜುಂಡನಿಗೆ ಹರಕೆ ಹೊತ್ತು ಬಂದಳು.

ವರ್ಷಗಳೇ ಕಳೆದರೂ ಗಂದೆ ಹೋಗಲಿಲ್ಲ. ಸಿದ್ದಲಿಂಗಮ್ಮನಿಗೆ ನವೆಗಿಂತ ಅತ್ತೆಯ ಬರೀ ಉಪ್ಸಾರಿನ ತಟ್ಟೆ ನೋಡುವುದೇ ದೊಡ್ಡ ಸಂಕಟ. ಮುದುಕಿ ಹೀಗೇ ಆಸೆ ಕಟ್ಟಿಕೊಂಡು ಕಣ್ಣು ಮುಚ್ಚಿದರೆ ಆ ಪಾಪ ತನಗೇ ಎಂದು ಕೊರಗುತ್ತಿದ್ದಳು.

2004ರಲ್ಲಿ ಮೈಸೂರಿನ ಚರ್ಮದ ಡಾಕ್ಟರೊಬ್ಬರು, ಕೆಲವರ ರಕ್ತ ಅವರ ಮೈಮೇಲೇ ತಿರುಗಿ ಬೀಳುತ್ತದೆ, ಪರೀಕ್ಷೆ ಮಾಡೋಣ ಎಂದರು. ರಕ್ತ ತೆಗೆದು, ಇಂಥವರಿಗೆ ಥೈರಾಯ್ಡ್ ತೊಂದರೆಯೂ ಇರುವುದುಂಟೆಂದು ಒಂದು ಪಾಲನ್ನು ಥೈರಾಯ್ಡ್ ಪರೀಕ್ಷೆಗೆ ಕಳಿಸಿ, ಇನ್ನೊಂದರ ಮೇಲೆ ನಿಂತ ತಿಳಿಯನ್ನು ಅವಳದೇ ಮುಂಗೈಗೆ ಚುಚ್ಚಿದರು. ಅರ್ಧ ಗಂಟೆಯಲ್ಲಿ ಅಲ್ಲಿ ಗಂದೆ ಎದ್ದರೆ ರಕ್ತದ್ದೇ ಕಿತಾಪತಿ. ಹೊರಗೆ ಬೆಂಚಿನಲ್ಲಿ ಕೂತಾಗ ಚುಚ್ಚಿದ ಜಾಗ ಉಬ್ಬತೊಡಗಿತು. ಜೊತೆಗೆ ಬಂದ ಕೆಂಪಾಜಮ್ಮ ಸುಮ್ಮನಿರುವ ಪೈಕಿಯೇ? ಗಂದೆಗೆ ಕಂಬಳಿಯೇ ಮದ್ದೆಂದು ನಂಬಿದವಳು, ಚೀಲದಿಂದ ಕಂಬಳಿ ತುಂಡು ತೆಗೆದು ಗಸಗಸ ಉಜ್ಜಿಬಿಟ್ಟಳು. ಇಡೀ ಕೈ ಕೆಂಪಗೆ ಊದಿತು.

"ಏನಜ್ಜಿ ಮಾಡ್ಬಿಟ್ರಿ, ಈಗ ನಾನೇನು ನೋಡ್ಲಿ?" ಎಂದರು ಡಾಕ್ಟರು.

"ಕೂಸು ನವೆ ಅಂತ ಒದ್ದಾಡ್ತಿದ್ರೆ ನೋಡ್ಕಂಡು ಕೂರಕ್ಕಾಯ್ತದಾ ಸಾ?"

ಮುಂದಿನ ವಾರ ಮತ್ತೆ ಬಸ್ಸು ಹತ್ತಿದರು. ಈ ಸಲ ಕಂಬಳಿ ಮನೆಯಲ್ಲೇ ಉಳಿಯಿತು. ಚುಚ್ಚಿದಲ್ಲೇ ಗಂದೆ ಎದ್ದಿತು. ಥೈರಾಯ್ಡ್ ಪರೀಕ್ಷೆಯೂ ಅದೇ ದಿಕ್ಕು ತೋರಿಸಿತು.

"ನಿಮ್ಮ ರಕ್ತದ್ದೇ ತಕರಾರು, ಬದನೆಕಾಯಿದಲ್ಲ. ಮಾತ್ರೆ ತಗೊಳ್ಳಿ, ಹತೋಟಿಗೆ ಬರುತ್ತೆ" ಎಂದರು ಡಾಕ್ಟರು.

ಮಾತ್ರೆಗೆ ಮೈ ತಣ್ಣಗಾಯಿತು. ಒಂದು ಮಧ್ಯಾಹ್ನ ಸಿದ್ದಲಿಂಗಮ್ಮ ಬದನೆಕಾಯಿ ಸಾರು ಮಾಡಿ ಅತ್ತೆಗೆ ಬಡಿಸಿದಳು. ಮಾತ್ರೆಯಿಂದ ತಣ್ಣಗಾದದ್ದು ಹರಕೆಗೆ ಸಲ್ಲುತ್ತದೋ ಇಲ್ಲವೋ ಎಂದು ಮುದುಕಿ ಕೈಯಿಡಲಿಲ್ಲ.

"ನಂಜನ್ನೇ ನುಂಗ್ದೋನು ಅತ್ತೆ ಆ ನಂಜುಂಡ. ನೀವೊಂದು ಬದ್ನೆಕಾಯಿ ತಿಂದ್ರೆ ಕ್ವಾಪ ಮಾಡ್ಕತ್ತನಾ?"

"ಮೊದ್ಲು ನೀ ತಿನ್ನು" ಎಂದು ಕೆಂಪಾಜಮ್ಮ ಎರಡು ಹೋಳು ಎತ್ತಿ ಸೊಸೆಯ ತಟ್ಟೆಗೆ ಹಾಕಿದಳು. ಸೊಸೆ ತಿಂದಳು. ಆಸ್ಪತ್ರೆಯ ಬೆಂಚಿನಲ್ಲಿ ಕೂತ ಹಾಗೆಯೇ ಅವಳ ಮುಂಗೈ ನೋಡುತ್ತ ಕೂತಳು ಅತ್ತೆ. ಸಾರು ಆರಿತು, ಮುದ್ದೆ ಆರಿತು. ಕೈ ನುಣ್ಣಗೇ ಇತ್ತು. ಆಗ ಮುದುಕಿ ತಟ್ಟೆ ಎಳೆದುಕೊಂಡು ಒಂದು ತುತ್ತು ಬಾಯಿಗಿಟ್ಟಳು. ಅವಳ ಕಣ್ಣು ತುಂಬಿತು.

"ಉಪ್ಪು ಕಮ್ಮಿ ಆಗದೆ ಕಣಮ್ಮಿ" ಎನ್ನುತ್ತಲೇ ಇನ್ನಷ್ಟು ಸಾರಿಗೆ ತಟ್ಟೆ ಚಾಚಿದಳು.