ಕೊಳೆಯದ ಎಲೆ

ಬೂದಿಗೆರೆಯ ಹಸಿ ಕಸದ ಶೆಡ್ಡಿಗೆ ಸೇರುವ ಮೊದಲು ಮುನಿತಾಯಮ್ಮ ಇಪ್ಪತ್ತೆರಡು ವರ್ಷ ಮದುವೆ ಛತ್ರದಲ್ಲಿ ಎಲೆ ಎತ್ತಿದವರು. ಜನ ಉಂಡದ್ದು ಯಾವುದರ ಮೇಲಾದರೂ ಸರಿ, ಅವರ ಬಾಯಲ್ಲಿ ಅದು ಎಲೆಯೇ.

ಶೆಡ್ಡಿನಲ್ಲಿ ಎರಡು ಗುಂಡಿ. ಮಿಕ್ಕಿದ ಅನ್ನ, ತರಕಾರಿ ಸಿಪ್ಪೆಯ ಜೊತೆಗೆ ಕಬ್ಬಿನ ಸಿಪ್ಪೆಯಿಂದ ಮಾಡಿದ ತಟ್ಟೆಗಳೂ ಬರತೊಡಗಿದಾಗ ಅವು ಕೊಳೆಯುತ್ತವೆಂದು ಅವರು ನಂಬಲಿಲ್ಲ. ಹರಿದು ಚೂರು ಮಾಡಿ, ಸಗಣಿ ನೀರು ಚಿಮುಕಿಸಿ, ವಾರಕ್ಕೊಮ್ಮೆ ತಿರುವಿದರು. ಎರಡೂವರೆ ತಿಂಗಳಲ್ಲಿ ತಟ್ಟೆ ಗುರುತಿಲ್ಲದೆ ಮಣ್ಣಾಯಿತು. ವಿಜಯಪುರದ ಕಡೆಯ ರೇಷ್ಮೆ ಬೆಳೆಗಾರ ಸೊಣ್ಣಪ್ಪ ಆ ಗೊಬ್ಬರವನ್ನು ಮೂಸಿ ನೋಡಿ, ಮುಂದಿನ ಗುಂಡಿ ಪೂರ್ತಿ ತಮ್ಮ ಹಿಪ್ಪುನೇರಳೆ ತೋಟಕ್ಕೇ ಇರಲಿ ಎಂದರು. ರೈತರು ಒಯ್ದರೆ ಶೆಡ್ಡು ಉಳಿಯುತ್ತದೆ, ಇಲ್ಲದಿದ್ದರೆ ಕಸವೆಲ್ಲ ಲಾರಿಗೆ ಎಂದು ಪಂಚಾಯಿತಿಯವರು ಹೇಳಿಬಿಟ್ಟಿದ್ದರು. ಶೆಡ್ಡು ಹೋದರೆ ಮುನಿತಾಯಮ್ಮನ ಕೆಲಸವೂ ಹೋಗುತ್ತಿತ್ತು.

ಶ್ರಾವಣದ ಮದುವೆಗಳಲ್ಲಿ ಛತ್ರದ ನಂದೀಶ ಎಂಜಲಿನ ಡ್ರಮ್ಮು ಇಳಿಸುತ್ತ, "ಎಲ್ಲಾ ಎಲೇನೇ ಕಣಮ್ಮ, ಸೀದಾ ಗುಂಡಿಗೆ ಸುರೀರಿ," ಎಂದಿದ್ದ. ಸಾರು ಮೆತ್ತಿ ಮಡಚಿಕೊಂಡ ಹಸಿರು, ನಡುವೆ ದಂಟು. ತಟ್ಟೆಯನ್ನಾದರೆ ಅನುಮಾನದಿಂದ ಹರಿದಿದ್ದರು. ಎಲೆಯನ್ನು ಯಾರು ಹರಿದು ನೋಡುತ್ತಾರೆ? ಗುದ್ದಲಿಯಿಂದ ತಿರುವುವಾಗ ಹಸಿರು ಕಂಡರೂ, ದಂಟು ಕೊಳೆಯುವುದು ತಡ ಎಂದುಕೊಂಡರು.

ಕಾರ್ತೀಕದಲ್ಲಿ ಸೊಣ್ಣಪ್ಪ ಟ್ರ್ಯಾಕ್ಟರ್ ತಂದರು. ಗೊಬ್ಬರಕ್ಕೆ ಕೈ ಹಾಕಿ ಎಳೆದರೆ ಮೊಳದುದ್ದದ ಹಸಿರು ಪಟ್ಟಿ ಬಂತು.

"ಇದೇನ್ ಮುನಿತಾಯಕ್ಕ, ಗೊಬ್ಬರಾನೋ ಸೀರೆ ಅಂಚೋ?"

"ಎಲೆ ಕಣಣ್ಣ."

"ಎಂಥ ಎಲೆ? ಬಾಳೆಲೆ ಥರ ಪ್ರಿಂಟ್ ಹೊಡ್ದಿರೋ ಕಾಗದ. ಕಾಗದ ಕೊಳ್ತೋಗಿ, ಮೇಲಿನ ಪ್ಲಾಸ್ಟಿಕ್ಕು ಉಳ್ಕೊಂಡದೆ ನೋಡು."

ಮುನಿತಾಯಮ್ಮ ಪಟ್ಟಿಯನ್ನು ಬೆರಳಲ್ಲಿ ಉಜ್ಜಿದರು. ಹರಿಯಲಿಲ್ಲ, ಹಿಗ್ಗಿತು.

"ಮೂರ್ ದಿನ ಟೈಮ್ ಕೊಡಣ್ಣ, ಎಲ್ಲಾ ಆರಿಸ್ಬಿಡ್ತೀನಿ."

"ನೀನು ಆರಿಸ್ತೀಯ, ಚೂರು ಉಳ್ಕೊಂತದೆ. ಒಂದ್ ಸತಿ ಬುಡಕ್ಕೆ ಬಿದ್ರೆ ನಾನ್ ಸಾಯೋವರ್ಗೂ ಆರಿಸ್ತಾ ಇರ್ಬೇಕು. ಬ್ಯಾಡ ಕಣಕ್ಕ, ಬೇಜಾರ್ ಮಾಡ್ಕಬ್ಯಾಡ."

ಖಾಲಿ ಟ್ರ್ಯಾಕ್ಟರ್ ಸದ್ದು ಮಾಡುತ್ತ ಹೊರಟುಹೋಯಿತು.

ಆದರೂ ಅವರು ಮೂರು ದಿನ ಆರಿಸಿದರು. ಉದ್ದನೆಯವು ಬಂದವು. ಗುದ್ದಲಿ ತಾಕಿ ತುಂಡಾದವು ಉಗುರಿನಷ್ಟಾಗಿ, ಜರಡಿಯ ಕಣ್ಣಿನಲ್ಲಿ ಗೊಬ್ಬರದ ಜೊತೆಗೇ ಕೆಳಗಿಳಿಯುತ್ತಿದ್ದವು.

ನಾಲ್ಕನೆಯ ದಿನ ಪಂಚಾಯಿತಿಯ ಲಾರಿ ಬಂತು. ಮೊದಲ ಗುಂಡಿಯ ಗೊಬ್ಬರ ಲಾರಿಗೆ ಹೋದ ಮೇಲೆ ಎರಡನೆಯ ಗುಂಡಿಯದ್ದನ್ನೂ ತುಂಬಿ ಎಂದ ಡ್ರೈವರ್. ಅದರಲ್ಲಿದ್ದದ್ದು ಬರೀ ಕಬ್ಬಿನ ತಟ್ಟೆ, ಸಿಪ್ಪೆ, ಅನ್ನ. ಇನ್ನು ಮೂರು ವಾರ ಬಿಟ್ಟಿದ್ದರೆ ಸಾಕಿತ್ತು.

"ಇದು ಚೆನ್ನಾಗಿದೆ ಕಣಪ್ಪ," ಎಂದರು ಮುನಿತಾಯಮ್ಮ.

"ನಂಗೇನ್ ಗೊತ್ತಮ್ಮ, ಎರಡೂ ಅಂತ ಹೇಳವ್ರೆ."

ಅವರು ಮಂಕರಿ ಎತ್ತಿಕೊಂಡರು. ಅರೆಕೊಳೆತ ರಾಶಿ ಇನ್ನೂ ಬಿಸಿಯಾಗಿತ್ತು. ಒಂದೊಂದು ಮಂಕರಿ ತುಂಬಿದಾಗಲೂ ಹಬೆ ಮುಖಕ್ಕೆ ಹೊಡೆಯುತ್ತಿತ್ತು.